ಹನ್ನೆರಡು ವೋಲ್ಟು

ಬೆಳಗಿನ ಆರಕ್ಕೆ ದುಲ್ಮಾ ಬಾಗಿಲು ಬಡಿದಳು.
'ಯೋಂದೋನ್, ಕಾರು ಸತ್ತಿದೆ.'
ಉಲಾನ್‌ಬಾತರಿನಲ್ಲಿ ಆಗ ಸೊನ್ನೆಗಿಂತ ಮೂವತ್ತೊಂದು ಕೆಳಗೆ;
ಕಲ್ಲಿದ್ದಲ ಹೊಗೆ ಮೇಲೇರಲಾರದೆ
ಅಂಗಳದಲ್ಲೇ ಬಿದ್ದುಕೊಂಡಿತ್ತು, ಕುಡಿದು ಬಂದವನ ಹಾಗೆ.

ಸತ್ತಿಲ್ಲ, ಅಂದೆ. ಏಳಲಾರದೆ ಇದೆ.
ಹಿಂದಿನ ಸೀಟಿನ ಬೆನ್ನಿಗೆ ಇನ್ನೂರು ವೋಲ್ಟಿನ ದೊಡ್ಡ ಬ್ಯಾಟರಿ
ತುಂಬಿಕೊಂಡೇ ಕೂತಿದೆ.
ಅದನ್ನು ಕರೆಯುವುದಕ್ಕೆ
ಬಲಮೂಲೆಯ ಹೊಂಡದಲ್ಲಿ ಇನ್ನೊಂದಿದೆ,
ರೊಟ್ಟಿ ಡಬ್ಬಿಯಷ್ಟು, ಹನ್ನೆರಡು ವೋಲ್ಟಿನದು.
ರಾತ್ರಿ ಕೈಕೊಟ್ಟದ್ದು ಅದು.
ದೊರೆ ಎದ್ದೇ ಇದ್ದಾನೆ; ಬೀಗದ ಕೈ ಆಳಿನ ಸೊಂಟದಲ್ಲಿ.

ಹಿಂಬಾಗಿಲು ತೆರೆಯುವುದೂ ಕರೆಂಟಿನಿಂದ,
ಬ್ಯಾಟರಿ ಇರುವುದು ಅದರ ಹಿಂದೆ.
ರಿಮೋಟಿನ ಹೊಟ್ಟೆಯಿಂದ ಬೆರಳುದ್ದದ ಕೀಲಿ ಎಳೆದು
ಮುಂಬಾಗಿಲು ತೆಗೆದು, ಸೀಟು ಮಡಚಿ
ನೂರ ಹದಿನೆಂಟು ಕೆಜಿಯ ನಾನು ತೆವಳಿದೆ.
(ಹದಿನೆಂಟರಲ್ಲಿ ಸುಮೋ ಕಲಿಯಲು ಜಪಾನಿಗೆ ಹೋಗಿ
ಮೂರು ವರ್ಷ ದೊಡ್ಡವರಿಗೆ ಅನ್ನ ಬೇಯಿಸಿ
ಮಂಡಿ ಮುರಿದುಕೊಂಡು ಬಂದವನು.
ಉಳಿದದ್ದು ಈ ತೂಕ, ಆ ಭಾಷೆ.)
ಕತ್ತಲಲ್ಲಿ ಬೆರಳಿಗೆ ಸನ್ನೆ ಸಿಕ್ಕಿತು. ಬಾಗಿಲು ನಿಟ್ಟುಸಿರಿಟ್ಟಿತು.
ಹತ್ತರ ಸ್ಪ್ಯಾನರ್. ಬಿಚ್ಚುವಾಗ ಮೊದಲು ಋಣ.

ಬಸ್ಸಿನಲ್ಲಿ ಹಳೆಯದು ನನ್ನ ತೊಡೆಯ ಮೇಲೆ.
ಸಂತೆಯಲ್ಲಿ ಚೊಯ್‌ಜಿಲ್ ಅಗ್ಗದ್ದನ್ನೇ ಮುಂದಿಟ್ಟ.
'ಇದೂ ಹನ್ನೆರಡೇ. ಎರಡು ಲಕ್ಷ ತುಗ್ರಿಕ್ ಉಳಿಯುತ್ತೆ, ಅಕ್ಕ.'
ದುಲ್ಮಾ ನನ್ನ ಮುಖ ನೋಡಿದಳು.
ಇದು ಕಾರಿನೊಳಗೆ ಸವಾರಿಗಳ ಜೊತೆ ಕೂರುವ ಜಾತಿ, ಅಂದೆ.
ಉಸಿರು ಬಿಡಲು ಪಕ್ಕದಲ್ಲಿ ತೂತು ಬೇಕು, ತೂತಿಗೆ ಕೊಳವೆ ಬೇಕು,
ಕಂಬಗಳು ಸಣಕಲಿರಬೇಕು,
ಧನ ಋಣ ಅದಲುಬದಲಾದರೆ ಕೆಟ್ಟೆ.
ಚೊಯ್‌ಜಿಲ್ ನಕ್ಕ, ಒಳಗಿನಿಂದ ಸರಿಯಾದ್ದು ತಂದ,
ನಾವು ಮೊದಲೇ ಕೇಳಿದ್ದರೆ ಮೊದಲೇ ಕೊಡುತ್ತಿದ್ದವನ ಹಾಗೆ.
ಮೀಟರು ಹಿಡಿದೆ: ಹನ್ನೆರಡು ಪಾಯಿಂಟ್ ಏಳು.
ನಾಲ್ಕು ಲಕ್ಷ ಇಪ್ಪತ್ತು ಸಾವಿರ; ಹಳೆಯದಕ್ಕೆ ಇಪ್ಪತ್ತು ಬಿಟ್ಟ.
ಬೂಟಿಗೆಂದು ಎತ್ತಿಟ್ಟದ್ದು.
ಕೈಗವಸಿನೊಳಗಿಂದ ಒಂದೊಂದೇ ನೋಟು ಎಣಿಸಿದಳು,
ಕೊನೆಯದನ್ನು ಎರಡು ಸಲ.
ಬರುವಾಗ ನನಗೆ ಕೊಡಲಿಲ್ಲ. ಕೋಟಿನೊಳಗೆ ಅವುಚಿಕೊಂಡಳು,
ಚಳಿಯಲ್ಲಿ ಹುಟ್ಟಿದ ಕುರಿಮರಿಯನ್ನು ತರುವಂತೆ.

ಬರಿಗೈಯಾದರೆ ಕಬ್ಬಿಣಕ್ಕೆ ಚರ್ಮ ಅಂಟುತ್ತದೆ,
ಕೈಗವಸಾದರೆ ನಟ್ಟು ಸಿಗುವುದಿಲ್ಲ.
ಒಂದು ಬಿತ್ತು; ಹುಡುಕಿದೆವು, ಬೈದುಕೊಂಡೆವು, ಸಿಕ್ಕಿತು.
ಕೊಳವೆ ಸಿಕ್ಕಿಸಿದೆ. ಕಟ್ಟುವಾಗ ಕೊನೆಗೆ ಋಣ.

ಬ್ರೇಕಿನ ಮೇಲೆ ಕಾಲಿಟ್ಟು ಅವಳು ಗುಂಡಿ ಒತ್ತಿದಳು.
ದೀಪ ಬಂತು. ಸದ್ದಿಲ್ಲ; ಇಂಥ ಕಾರು ಎದ್ದರೆ ಸದ್ದಿರುವುದಿಲ್ಲ.
ಗಡಿಯಾರದಲ್ಲಿ ಒಂದು ಗಂಟೆ.
ಎಲ್ಲಿಂದಲೋ ಒಬ್ಬ ಹೆಂಗಸು ನಯವಾಗಿ ಏನೋ ಅಂದಳು.
ದುಲ್ಮಾ ತಲೆಬಾಗಿ ಉತ್ತರ ಕೊಟ್ಟಳು:
'ಆಯ್ತಮ್ಮ, ಹುಷಾರಾಗೇ ಹೋಗ್ತೀನಿ.'
ನಾಲ್ಕು ವರ್ಷದಿಂದ ದಿನವೂ ಹೀಗೇ ಅಂತೆ.
'ನಿನಗೆ ಬರುತ್ತಲ್ಲ ಆ ಭಾಷೆ. ಏನಂತ ಹರಸುತ್ತಾಳೆ?'

ಸುಳ್ಳು ಹೇಳಬಹುದಿತ್ತು. ಬೆರಳು ಮರಗಟ್ಟಿತ್ತು, ಹೊಳೆಯಲಿಲ್ಲ.
'ಕಾರ್ಡು ಹಾಕಿಲ್ಲ, ಅನ್ನುತ್ತಾಳೆ.
ಅಲ್ಲಿಯ ಹೆದ್ದಾರಿಯ ಸುಂಕದ ಕಾರ್ಡು.'

ಸ್ಟಿಯರಿಂಗಿನ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ಕೂತಳು.
'ಪಾಪ,' ಅಂದಳು. 'ಊರು ಬಿಟ್ಟದ್ದನ್ನು
ಯಾರೂ ಹೇಳಿಲ್ಲ ಅವಳಿಗೆ.'

ಅತ್ತೆ ಸೌಟಿನಲ್ಲಿ ಹಾಲು ತಂದು ಚಕ್ರಕ್ಕೆ ಚಿಮುಕಿಸಿದರು.
ಟೈರು ಮುಟ್ಟಿದ್ದೇ ಬಿಳಿ ಮಣಿಗಳಾಯಿತು.
ಗಡಿಯಾರ ಒಂದು ಏಳು ತೋರಿಸುತ್ತಿತ್ತು. ತಿದ್ದಲಿಲ್ಲ ಅವಳು,
ಸವಾರಿಗೆ ತಡವಾಗಿತ್ತು.

ನನ್ನ ಹತ್ತರ ಸ್ಪ್ಯಾನರ್ ಅವಳ ಡಿಕ್ಕಿಯಲ್ಲೇ ಉಳಿಯಿತು.