ಚೀಟಿ ಇಲ್ಲದವು

ಗಲ್ಫಿನಲ್ಲಿ ಚಳಿ ಅಂದರೆ ಊರಲ್ಲಿ ನಗುತ್ತಾರೆ.
ಜನವರಿಯ ಒಂದು ರಾತ್ರಿ ಮುಹರ್ರಕ್‌ಗೆ ಬಂದು ನೋಡಲಿ:
ಸಮುದ್ರದಿಂದೆದ್ದ ಶಮಾಲ್ ಗಾಳಿ
ಗಲ್ಲಿಯ ಪ್ಲಾಸ್ಟಿಕ್ಕನ್ನೆಲ್ಲ ಅಟ್ಟಿಸಿಕೊಂಡು ಹೋಗುತ್ತದೆ.
ಲಾಂಡ್ರಿಯ ಹಿಂದೆ, ಡ್ರೈಯರು ಬಿಸಿಯುಸಿರು ಬಿಡುವ ತೂತಿನ ಕೆಳಗೆ
ಯಾರೋ ಇಟ್ಟುಹೋದ ಖರ್ಜೂರದ ಡಬ್ಬಿ.
ಒಳಗೆ ಮೂರು ಬೆಕ್ಕಿನ ಮರಿ.
ಕಣ್ಣು ಕೀವಿನಲ್ಲಂಟಿ, ಬಾಲದಡಿ ಭೇದಿ ಒಣಗಿ,
ಮೈತುಂಬ ಚಿಗಟ ಹರಿದಾಡಿದರೂ
ಕೆರೆದುಕೊಳ್ಳಲು ತ್ರಾಣವಿಲ್ಲ.

ತೊಳೆಯುವುದು ನನ್ನ ಕಸುಬು.
ಹುಟ್ಟಿದ ಮನೆಗೂ ಸತ್ತ ಮನೆಗೂ
ಮಡಿ ಹೊತ್ತವನ ಮಗ, ಹೆಸರು ಕೊಗ್ಗ.
ಶಾಯಿ, ಸಾರು, ಊದಿನೆಣ್ಣೆ, ಮದುಮಗಳ ಮದರಂಗಿ,
ಯಾವ ಕಲೆ ಯಾವುದಕ್ಕೆ ಬಗ್ಗುತ್ತದೆಂದು
ಮೂಗಿನಲ್ಲೇ ಹೇಳಬಲ್ಲೆ.
ಕಪಾಟಿನ ತುಂಬ ಸೋಪು, ಸೋಡ, ಬ್ಲೀಚು.
ಆದರೂ ಆ ರಾತ್ರಿ ಕೈ ಹೋದದ್ದು
ಮಂಚದಡಿಯ ಡೆಟಾಲಿಗೆ.

ಅಮ್ಮನಿಗೆ ಶುದ್ಧವೆಂದರೆ ಆ ವಾಸನೆ.
ಒಂದು ಮುಚ್ಚಳ ಸುರಿದೆ.
ಕಂದಗಿನದು ನೀರಿಗೆ ಬಿದ್ದಲ್ಲೇ ಬಿಳಿಯಾಗಿ
ಬಕೆಟ್ಟಿನ ತುಂಬ ಹಾಲಿನಂಥದು.
ಕರಿಮರಿಯನ್ನು ಅದ್ದಿ ತೆಗೆದೆ.
ಎಷ್ಟು ಹಿತವಾಗಿತ್ತು, ನನಗೆ!
ಅದು ಮೈ ನೆಕ್ಕಿಕೊಂಡಿತು,
ಬೆಕ್ಕಿಗೆ ಗೊತ್ತಿರುವ ಸ್ನಾನ ಅದೊಂದೇ.
ಬೆಳಗಿನ ಬಾಂಗಿನ ಹೊತ್ತಿಗೆ ಜೊಲ್ಲು, ನಡುಕ.
ಆಮೇಲೆ ನಡುಕವೂ ಇಲ್ಲ.

ಔಷಧಿ ಅಂಗಡಿಯ ಮಾರಿವಿಕ್ ಬೈಯಲಿಲ್ಲ.
ಬೈದಿದ್ದರೆ ಹಗುರಾಗುತ್ತಿತ್ತು.
"ನಿನಗೆ ಮದ್ದು, ಅದರ ಲಿವರ್ರಿಗೆ ವಿಷ.
ಟೀ ಟ್ರೀ ಎಣ್ಣೆಯೂ ಹಾಗೇ.
ನಾಯಿಯ ಚಿಗಟದ ಶಾಂಪೂವಂತೂ ಮುಟ್ಟಲೇಬೇಡ.
ಮೊದಲು ಬೆಚ್ಚಗಿಡು. ಆಮೇಲೆ ಉಣಿಸು.
ತೊಳೆಯುವ ಮಾತು ಕಟ್ಟಕಡೆಗೆ."
ಕೌಂಟರಿನ ಮೇಲಿಟ್ಟಳು:
ಪರಿಮಳವಿಲ್ಲದ ಮಕ್ಕಳ ಸೋಪುನೀರು,
ಸೂಜಿಯಿಲ್ಲದ ಸಿರಿಂಜು, ಹೇನುಹಣಿಗೆ.
ಡಾಕ್ಟರ ಬಳಿಯಿಂದ ಕಣ್ಣಿನ ಮುಲಾಮು, ಮರಿಗಳ ಹಾಲುಪುಡಿ
ತಂದವನು ಡ್ರೈವರ್ ಗುಲ್‌ಜಮಾನ್.
ಪೆಟ್ರೋಲಿನ ದುಡ್ಡು ಕೇಳಲಿಲ್ಲ,
ಬೆಕ್ಕೆಂದರೆ ಆಗದು ಎಂದು ಮಾತ್ರ ಮೂರು ಸಲ ಹೇಳಿದ.

ಕರಿಮರಿಯನ್ನು ಯಾರೂ ಬಿಡಿಸಿಕೊಳ್ಳದ
ಒಂದು ಗುತ್ರಾದ ತುಂಡಿನಲ್ಲಿ ಸುತ್ತಿದೆ.
ಗಂಜಿ ಹಾಕಿ ಇಸ್ತ್ರಿ ಮಾಡಿದ್ದು. ಅಪ್ಪ ಇದ್ದಿದ್ದರೆ
ಮಡಿಯೇ ಅಂದುಕೊಳ್ಳುತ್ತಿದ್ದ.

ನನ್ನ ಕೈಗೆ ಬರುವ ಪ್ರತಿ ಬಟ್ಟೆಯ ಕತ್ತಿನೊಳಗೆ
ಉಗುರಿನಷ್ಟು ಚೀಟಿ:
ಬ್ಲೀಚ್ ಬೇಡ. ಹಿಂಡಬೇಡಿ. ನೆರಳಲ್ಲಿ ಒಣಗಿಸಿ.
ಉಳಿದೆರಡರ ಕುತ್ತಿಗೆಯ ರೋಮ ಬಿಡಿಸಿ ನೋಡಿದೆ, ಮರುಳನ ಹಾಗೆ.
ಕರಿಯ ಪುಡಿ ಬಿಟ್ಟರೆ ಏನೂ ಇಲ್ಲ.
ಒದ್ದೆ ಹತ್ತಿಯಿಂದ ಒರೆಸಿದೆ. ಪುಡಿ ಕೆಂಪಾಗಿ ಬಿಟ್ಟುಕೊಂಡಿತು,
ಚಿಗಟ ಕುಡಿದು ಹೇತ ಅದರದೇ ರಕ್ತ.
ಇದೊಂದು ಕಲೆ
ನನ್ನ ಮೂಗಿಗೆ ಗೊತ್ತಿರಲಿಲ್ಲ.

ಎರಡು ವಾರದ ಮೇಲೆ ಸ್ನಾನ.
ಮೊಣಕೈಗೆ ಹಿತವೆನಿಸುವಷ್ಟೇ ಬಿಸಿ, ತಂಬಿಗೆ ನೀರು.
ಮೊದಲು ಕತ್ತಿನ ಸುತ್ತ ನೊರೆಯ ಬೇಲಿ,
ಚಿಗಟ ಮುಖಕ್ಕೆ ಓಡದ ಹಾಗೆ.
ಮುಖಕ್ಕೆ ಸೋಪಿಲ್ಲ. ಮತ್ತೆ ಮತ್ತೆ ನೀರು,
ನೆಕ್ಕಿದರೆ ನೀರೇ ನಾಲಗೆಗೆ ಸಿಗುವ ತನಕ.
ಬ್ಲೀಚಿನಲ್ಲಿ ಒಡೆದ ನನ್ನ ಬೆರಳ ಸೀಳುಗಳು
ಆ ಸೋಪಿಗೆ ಉರಿಯಲಿಲ್ಲ.
ಅಷ್ಟು ಪುಟ್ಟ ಎದೆ ಅಂಗೈಯಲ್ಲಿ
ಹೊಲಿಗೆಯ ಮಿಷಿನ್ನಿನ ಹಾಗೆ ಓಡುತ್ತಿತ್ತು.
ಡ್ರೈಯರಿನಿಂದ ಆಗಷ್ಟೆ ತೆಗೆದ ಹೋಟೆಲಿನ ಟವೆಲ್ಲು ಎರಡು,
ಲೆಕ್ಕಕ್ಕೆ ಬರೆಯಲಿಲ್ಲ.

ಮಾರ್ಚಿನಲ್ಲಿ ಉಮ್ಮ್ ಜಾಸಿಮ್ ಬಂದರು,
ಕರಿಯ ಅಬಾಯದ ತೋಳನ್ನು ಬೆಳಕಿಗೆ ಹಿಡಿದು.
ಒಂದು ಕೂದಲು, ಕೇಸರಿ ಬಣ್ಣದ್ದು.
"ಇದೇನು?" ಅಂದರು.
ಟೇಪಿನಿಂದ ಎತ್ತಿದೆ. ಮಾಫಿ ಕೇಳಿದೆ.
ಬೆನ್ನಿನ ಮೇಲೆ ಇನ್ನೊಂದಿತ್ತು,
ಹೇಳಲಿಲ್ಲ.