ಮೂವತ್ತಾರು ಗಂಟೆಯ ಐಸು

ಸಸೂನ್ ಡಾಕಿನಲ್ಲಿ ಬೆಳಗಾಗುವುದು ಸೂರ್ಯನಿಂದಲ್ಲ,
ಐಸು ಪುಡಿಮಾಡುವ ಯಂತ್ರ ಹಲ್ಲು ಕಡಿಯತೊಡಗಿದಾಗ.
ಆಗ ಮೂರೂವರೆ ಗಂಟೆ.
ನಾನು ಜಲಜಕ್ಕನ ಫ್ಯಾಕ್ಟರಿಯ ಲೆಕ್ಕದವನು.
ನನ್ನ ಕೆಂಪು ಬಟ್ಟೆಯ ಖಾತೆಪುಸ್ತಕದ ಅಂಚು
ಹನ್ನೆರಡು ವರ್ಷದಿಂದ ಒದ್ದೆ.

ಆಚೆ ಗೇಟಿಗೆ ಹೊಸ ಕಂಪನಿ ಬಂತು.
ನೀಲಿ ಷೆಡ್ಡು, ನೀಲಿ ಟೋಪಿಯ ಹುಡುಗರು,
ಫೋನಿನಲ್ಲೇ ಆರ್ಡರು, ಲಾದಿಗೆ ನಲವತ್ತು ರೂಪಾಯಿ ಕಮ್ಮಿ.
ಒಂದೇ ವಾರದಲ್ಲಿ ಹದಿನೇಳು ದೋಣಿ ಅತ್ತ ತಿರುಗಿದವು.
ಅವುಗಳ ಹೆಸರಿನ ಮೇಲೆ ಪೆನ್ಸಿಲಿನಲ್ಲಿ ಗೆರೆ ಎಳೆದೆ,
ಪೆನ್ನಿನಲ್ಲಿ ಎಳೆಯುವ ಧೈರ್ಯ ಬರಲಿಲ್ಲ.

ಪುಣೆಯಿಂದ ಸಲಹೆಗಾರರು ಬಂದರು, ಕೇದಾರ ಪಟವರ್ಧನ್.
ಬೂಟಿಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು
ಮೀನಿನ ನೀರು ದಾಟಿ ಆಫೀಸು ಹತ್ತಿದರು.
ಬಿಳಿ ಹಲಗೆಯ ಮೇಲೆ ಒಂದು ಕೋಟೆ ಬರೆದರು, ಸುತ್ತ ಕಂದಕ.
"ಹೇಳಿ, ನಿಮ್ಮ ಕಂದಕ ಯಾವುದು?"
ಜಲಜಕ್ಕ ಕಿಟಕಿಯಾಚೆ ನೋಡಿದಳು.
ಅಲ್ಲಿ ಸಮುದ್ರವಿತ್ತು.
ಅದು ಆಚೆ ಗೇಟಿನವರಿಗೂ ಇತ್ತು.

ದರ ಇಳಿಸಿ, ಎಂದರು. "ಬೇಡ."
ತೊಟ್ಟಿಯ ಉಪ್ಪುನೀರನ್ನು ಇನ್ನಷ್ಟು ತಣಿಸಿ,
ಮೂವತ್ತಾರರ ಬದಲು ಇಪ್ಪತ್ತು ಗಂಟೆಗೇ ಲಾದಿ ಕೈಗೆ ಬರುತ್ತದೆ.
"ಬೇಡ."
ಮದುವೆ ಹಾಲುಗಳಿವೆ, ಕಬ್ಬಿನಹಾಲಿನ ಗಾಡಿಗಳಿವೆ, ಊರೆಲ್ಲ ಸೆಕೆ...
"ಬೇಡ ಮಾರಾಯ್ರೆ."
ಅವರ ಹಲಗೆಯಲ್ಲಿ ಎಷ್ಟೊಂದು ಚೌಕಗಳಿದ್ದವು,
ಬೇಡ ಎಂಬುದಕ್ಕೆ ಒಂದೂ ಇರಲಿಲ್ಲ.

ಅವಳು ಅವರನ್ನು ಕೆಳಗೆ ಕರೆದೊಯ್ದಳು.
ನೆಲದ ಮೇಲೆ ಎರಡು ಲಾದಿ, ಒಂದು ನಮ್ಮದು,
ಒಂದು ಆಚೆ ಗೇಟಿನಿಂದ ದುಡ್ಡು ಕೊಟ್ಟು ತರಿಸಿದ್ದು.
ನಮ್ಮದರ ಹಿಂದೆ ನನ್ನ ರಸೀತಿ ಹಿಡಿದರೆ ಅಕ್ಷರ ಓದಬಹುದು.
ಅವರದು ಬೆಳ್ಳಗೆ,
ಅವಸರದಲ್ಲಿ ಹೆಪ್ಪುಗಟ್ಟಿದ ಉಸಿರು ಒಳಗೇ ಸಿಕ್ಕಿಬಿದ್ದಂತೆ.
ಚಹಾ ತರಿಸಿದಳು. ಕಾದೆವು.
ಎರಡನೇ ಚಹಾಕ್ಕೆ ಬಿಳಿಯದು ಟಪ್ಪೆಂದು ಸೀಳಿತು.

ಪಟವರ್ಧನರು ನಕ್ಕರು:
"ನಿಧಾನ ಕರಗಿದರೆ ಗಿರಾಕಿ ಕಡಿಮೆ ಕೊಳ್ಳುತ್ತಾನೆ.
ನಿಮ್ಮ ಪೈಪೋಟಿ ನಿಮ್ಮ ಜೊತೆಗೇ!"
ನಿಜ ಹೇಳಬೇಕೆಂದರೆ ನನಗೂ ಹಾಗೇ ಅನಿಸಿತ್ತು.
ಪುಸ್ತಕ ಹೇಳುತ್ತಿತ್ತು: ದೊಡ್ಡ ದೋಣಿ, ಮೊದಲು ನೂರಿಪ್ಪತ್ತು, ಈಗ ನೂರು.
"ಹೌದು," ಎಂದಳು ಜಲಜಕ್ಕ,
"ಆ ಇಪ್ಪತ್ತು ಲಾದಿಯ ಜಾಗದಲ್ಲಿ ಪಾಂಪ್ಲೆಟ್ ತುಂಬಿಸಿಕೊಂಡು ಬರ್ತಾನೆ.
ಆ ಪಾಂಪ್ಲೆಟ್ಟೇ ನನ್ನ ಏಜೆಂಟು.
ಅದಕ್ಕೆ ಕಮಿಷನ್ನೂ ಕೊಡ್ಲಿಕ್ಕಿಲ್ಲ."

"ಇದನ್ನು ಅವರೂ ಕಲಿಯಬಹುದಲ್ಲ?"
"ಕಲೀಲಿ. ಗುಟ್ಟೇನಿಲ್ಲ, ಗೋಡೆಯ ಗಡಿಯಾರ ನೋಡಿದ್ರೆ ಗೊತ್ತಾಗ್ತದೆ.
ಆದ್ರೆ ಷೆಡ್ಡಿನ ಸಾಲ ಕೊಟ್ಟ ಬ್ಯಾಂಕು
ಮೂವತ್ತಾರು ಗಂಟೆ ಕಾಯ್ತದಾ?"

ಮೀನುಗಾರಿಕೆ ನಿಂತ ಜೂನ್ ಜುಲೈಯಲ್ಲಿ
ನೀಲಿ ಷೆಡ್ಡಿನ ಯಂತ್ರಗಳು ಓಡುತ್ತಲೇ ಇದ್ದವು, ಯಾರಿಗೋ ಗೊತ್ತಿಲ್ಲ.
ನಾವು ತೊಟ್ಟಿ ಬರಿದು ಮಾಡಿ, ತುಕ್ಕು ಕೆರೆದು, ಬಣ್ಣ ಬಳಿದು
ಬಾಗಿಲು ಮುಚ್ಚಿದೆವು.
ಆಗಸ್ಟಿನ ಮೊದಲ ಭರತಕ್ಕೆ ಹನ್ನೊಂದು ದೋಣಿ ಮರಳಿದವು.
ಆರು ಬರಲಿಲ್ಲ.
ಮೋರೇಶ್ವರ ತಾಂಡೇಲನೂ ಬರಲಿಲ್ಲ.
ಅವನ ಮಗಳ ಬಾರಸೆಗೆ ಜಲಜಕ್ಕ ಬೆಳ್ಳಿಯ ಬಟ್ಟಲು ಒಯ್ದಿದ್ದಳು.
ನಲವತ್ತು ರೂಪಾಯಿ ಎಂದರೆ ನಲವತ್ತು ರೂಪಾಯಿ, ಎಂದಳಷ್ಟೆ.
ಹನ್ನೊಂದು ಪೆನ್ಸಿಲ್ ಗೆರೆ ಅಳಿಸಿದೆ.
ಅಳಿಸಿದ ಗುರುತು ಹಾಳೆಯಲ್ಲಿ ಉಳಿಯಿತು.

ಈ ವರ್ಷ ಒಂದು ಉಕ್ಕಿನ ದೋಣಿ ಬಂದಿದೆ,
ಹೊಟ್ಟೆಯಲ್ಲೇ ಹಿಮದ ಯಂತ್ರ ಇಟ್ಟುಕೊಂಡು.
ನಮ್ಮ ಗೇಟು, ಅವರ ಗೇಟು, ಯಾವುದನ್ನೂ ಅದು ನೋಡಲಿಲ್ಲ.
ಪಟವರ್ಧನರು ಇದ್ದಿದ್ದರೆ ಇನ್ನೊಂದು ಕೋಟೆ ಬರೆಯುತ್ತಿದ್ದರೇನೋ.
ಜಲಜಕ್ಕ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ
ಬಹಳ ಹೊತ್ತು ಅದನ್ನೇ ನೋಡಿದಳು.
ಆಮೇಲೆ ಕೇಳಿದಳು:
"ಅದರ ಕಂಪ್ರೆಸರ್ ಕೆಟ್ಟರೆ ಯಾರನ್ನು ಕರೀತಾರೆ, ವಿಚಾರಿಸು."

ನಾನು ಹೊಸ ಹಾಳೆ ತೆಗೆದೆ.
ಅದರ ಅಂಚು ಇನ್ನೂ ಒಣಗಿತ್ತು.