ರಕಾರದ ಊರು

ನಮ್ಮೂರ ಶಾಲೆಯಲ್ಲಿ ಹಾಜರಿ ಕರೆಯುವುದೆಂದರೆ
ಕಲ್ಲುಹಾದಿಯಲ್ಲಿ ಗಾಡಿ ಉರುಳಿದ ಹಾಗೆ:
ರಬಾಯೋ, ರಾನಾ, ರೆಮೋ, ರೆತೂಯಾ, ರಿಬಾಯಾ, ರೋವಾ...
ಮೂವತ್ತೆಂಟು ಮಕ್ಕಳು, ಒಂದೇ ಅಕ್ಷರ.
ಮನಿಲಾ ಬಸ್ಸಿನಲ್ಲಿ ನಾನು ಹೆಸರು ಹೇಳಿದರೆ ಸಾಕು,
ಪಕ್ಕದವರು ನನ್ನ ಊರು ಹೇಳುತ್ತಾರೆ:
"ಓ, ಬೆಂಕಿಬೆಟ್ಟದ ಕೆಳಗಿನವರು."

ಕುಲದ್ದಲ್ಲ, ಕಸುಬಿನದ್ದಲ್ಲ,
ಇದು ಸರಕಾರ ಕೊಟ್ಟ ರಕಾರ.
ಸ್ಪೇನಿನವರ ಕಾಲ. ತೆರಿಗೆಯ ಕಡತದ ತುಂಬ
ಬರೀ ಕ್ರೂಸ್, ಬರೀ ಸಾಂತೋಸ್.
ಯಾರು ಕೊಟ್ಟರು, ಯಾರು ಕೊಡಲಿಲ್ಲ, ತಿಳಿಯದೆ
ತಲೆಕೆಟ್ಟ ದೊರೆ ಹೆಸರುಗಳದ್ದೇ ಒಂದು ದಪ್ಪ ಪುಸ್ತಕ ಮಾಡಿಸಿ
ಊರಿಗಿಷ್ಟು ಹಾಳೆ ಎಂದು ಹರಿದು ಹಂಚಿದ,
ಪಂಕ್ತಿಗೆ ಎಲೆ ಹಾಕಿದ ಹಾಗೆ.

ಚರ್ಚಿನ ಜಗಲಿಯಲ್ಲಿ ಮೇಜು.
ಅಣ್ಣ ಹಸಿಂತೋ ಬೆಳಿಗ್ಗೆಯೇ ಹೋಗಿ
ಕಣ್ಣುಮುಚ್ಚಿ ಬೆರಳಿಟ್ಟ: ರೆಮೋ.
ಓದು ಬಾರದವನಿಗೆ ಗುಮಾಸ್ತ ಅರ್ಥ ಹೇಳಿದ: ಹುಟ್ಟು.
ಕಡಲು ಕಾಣದವನಿಗೆ, ದೋಣಿ ಹತ್ತದವನಿಗೆ
ಹುಟ್ಟು.

ತಮ್ಮ ಬಾಲ್ಬಿನೋ ಅಬಾಕಾ ನಾರು ಸುಲಿಯುತ್ತಿದ್ದ,
ಬಂದಾಗ ದೀಪ ಹಚ್ಚುವ ಹೊತ್ತು.
ಅಣ್ಣನದೇ ಕೊಡಿ ಅಂದನಂತೆ.
ಗುಮಾಸ್ತನಿಗೆ ಊಟದ ಅವಸರ.
ಯಾರೂ ಮುಟ್ಟದೆ ಉಳಿದದ್ದೊಂದು: ರಾನಾ.
ಕಪ್ಪೆ.

ಅವರ ಅಪ್ಪನನ್ನು ಏನೆಂದು ಕರೆಯುತ್ತಿದ್ದರು?
ಹುಡುಕಿದೆ. ಜ್ಞಾನಸ್ನಾನದ ಪುಸ್ತಕದಲ್ಲಿ
"ಬುಲಾ" ಅನ್ನುವಷ್ಟು ಉಳಿದಿದೆ, ಮುಂದೆ ತೂತು.
ಬುಲಾನ್ ಇರಬಹುದು, ನಮ್ಮ ಮಾತಿನಲ್ಲಿ ಚಂದ್ರ.
ಬುಲಾವಾನ್ ಇದ್ದರೂ ಇರಬಹುದು, ಚಿನ್ನ.
ಹೆಸರಿನ ಹುಟ್ಟು ಕೈಗೆ ಸಿಕ್ಕಿತು,
ನಮ್ಮ ಹುಟ್ಟು ಗೆದ್ದಲ ಹೊಟ್ಟೆಯಲ್ಲಿ.

ನೂರು ವರ್ಷ ಕಳೆಯಿತು. ಒಂದೇ ತಾಯಿಯ ಹಾಲೆಂಬುದು
ಎರಡೂ ಮನೆಗೆ ಮರೆಯಿತು.
ಪ್ರಿಮಿತಿವಾ ರಾನಾಳನ್ನು ರೆಮೋ ಮನೆಗೆ ಕೇಳಿದಾಗ
ಪಾದ್ರಿ ಪುಟ ತಿರುವಿ, ನಂಟಿಲ್ಲ, ಮದುವೆಯಾಗಿ ಎಂದರು.
ಗಂಡು ಹೆಣ್ಣು ಇಬ್ಬರದೂ ಎಡಗಿವಿ
ಒಂದೇ ಥರ ಮಡಿಚಿದ್ದನ್ನು ಸೂಲಗಿತ್ತಿಯೊಬ್ಬಳು ನೋಡಿದಳು,
ನೋಡಿ, ಇನ್ನೊಂದು ಕಡುಬು ಬಡಿಸಿಕೊಂಡಳು.

ನಮ್ಮಲ್ಲಿ ತಾಯಿಯ ಮನೆಹೆಸರು ನಡುವೆ ನಿಲ್ಲುತ್ತದೆ,
ತಂದೆಯದು ಕೊನೆಗೆ.
ಹಾಗಾಗಿ ನಾನು ಎರ್ಲಿಂಡಾ ರಾನಾ ರೆಮೋ.
ಜಗಲಿಯಲ್ಲಿ ಬೇರಾದ ಅಣ್ಣತಮ್ಮಂದಿರು
ನನ್ನ ಪಿಂಚಣಿ ಚೀಟಿಯ ಮೇಲೆ ಒತ್ತಿ ಕೂತಿದ್ದಾರೆ.
ಮಾತಾಡಿಕೊಳ್ಳುತ್ತಾರೋ ಇಲ್ಲವೋ, ಕಾಣೆ.

ಅಪ್ಪ ಒಮ್ಮೆ ಲೆಗಾಸ್ಪಿಯಿಂದ ನಿಜವಾದ ಹುಟ್ಟೊಂದನ್ನು
ಹೆಗಲ ಮೇಲೆ ಹೊತ್ತು ತಂದ, ಗೋಡೆಗೆ ನೇತುಹಾಕಲು.
ಅಮ್ಮ ಅದರಲ್ಲಿ ಅಂಗಳದ ಬತ್ತ ಎಳೆದಳು,
ಹಂದಿ ಓಡಿಸಿದಳು.
ಮಳೆಯ ರಾತ್ರಿ ಗದ್ದೆಯೆಲ್ಲ ರ್ರ್ ರ್ರ್ ಎಂದು ಕೂಗಿದರೆ
"ನಿನ್ನ ಕಡೆಯವರು ಬಂದರು" ಅನ್ನುತ್ತಿದ್ದ ಅಪ್ಪ.
ಅಮ್ಮ ಮಗ್ಗುಲು ಬದಲಿಸಿ
"ಹಾಜರಿ ಕರೀತಿದ್ದಾರೆ,
ನಿಮ್ಮ ಹೆಸರೂ ಬರುತ್ತೆ, ಕೇಳಿಸಿಕೊಳ್ಳಿ."